ಲಂಗದಲ್ಲಿ ಉಳಿಸಿದ ಎರಡು ಬೆರಳು

ಉಪದೇಶ ಕೇಳಿ ಕೆಟ್ಟುಹೋಗುವ ಜನ ಕೆಲವರಿರುತ್ತಾರೆ. ನಾನು ಆ ಪೈಕಿ. ನಮ್ಮ ಮನೆಯವರನ್ನು ನೋಡಿ. ಡಾಕ್ಟರು ಉಪ್ಪು ಬಿಡಿ ಎನ್ನಲಿ, ಮಠದ ಸ್ವಾಮಿಗಳು ಕೋಪ ಬಿಡಿ ಎನ್ನಲಿ, “ಹೌದ್ರಿ, ನೀವನ್ನೋದು ಖರೆ ಐತೆ” ಎಂದು ಭಕ್ತಿಯಿಂದ ತಲೆಯಾಡಿಸಿ, ಮನೆಗೆ ಬಂದು ಸೀದಾ ಉಪ್ಪಿನಕಾಯಿ ಭರಣಿಗೆ ಕೈ ಹಾಕುತ್ತಾರೆ. ಭರಣಿ ಜಾಗದಲ್ಲಿಲ್ಲದಿದ್ದರೆ ಕೋಪವನ್ನೂ ಮಾಡಿಕೊಳ್ಳುತ್ತಾರೆ. ಎರಡು ಉಪದೇಶ ಒಂದೇ ಏಟಿಗೆ ಮುಗಿಯಿತು. ಆರೋಗ್ಯವಾಗಿದ್ದಾರೆ. ನನಗೆ ಆ ಭಾಗ್ಯವಿಲ್ಲ. ಕೇಳಿದ್ದನ್ನು ಕೇಳಿದ ದಿನವೇ ಮಾಡಬೇಕು. ಬೆಳಿಗ್ಗೆ ಎದ್ದ ತಕ್ಷಣ ಬಿಸಿನೀರು ಕುಡಿಯಬೇಕೆಂದು ಯಾರೋ ಫೋನಿಗೆ ಕಳಿಸಿದ ವಿಡಿಯೋ ನೋಡಿ, ಇಡೀ ಮನೆಯನ್ನು ಸಾಲಾಗಿ ನಿಲ್ಲಿಸಿ ಕುಡಿಸಿದವಳು ನಾನು. ಹಬ್ಬಕ್ಕೆಂದು ಬಂದಿದ್ದ ಮೈದುನ ನಾಲಿಗೆ ಸುಟ್ಟುಕೊಂಡು ಹೋಳಿಗೆ ಮುಟ್ಟದೆ ಹೋದ. ಅಂಥವಳನ್ನು ಒಂದು ದಿನದ ತರಬೇತಿಗೆ ಕರೆದರಲ್ಲ, ಅಲ್ಲಿಂದ ಶುರುವಾಯಿತು ನನ್ನ ಮಾನ ಹೋಗುವ ಕೆಲಸ.

ನನ್ನದೊಂದು ಕಾರ್ಖಾನೆಯಿದೆ. ಕಾರ್ಖಾನೆ ಎಂದರೆ ನಮ್ಮ ಮನೆಯವರು ನಗುತ್ತಾರೆ, ಆದರೆ ಬೋರ್ಡಿನಲ್ಲಿ ಹಾಗೇ ಬರೆಸಿದ್ದೇವೆ. ದಾವಣಗೆರೆಯ ಆನೆಕೊಂಡದಲ್ಲಿ ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ಹೊಲಿಗೆ ಮಿಷನ್ನುಗಳನ್ನಿಟ್ಟು, ಓಣಿಯ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು, ಸೀರೆಯೊಳಗೆ ಉಡುವ ಲಂಗ ಹೊಲಿಸುತ್ತೇನೆ. ಸೀರೆ ಹೊಗಳುವವರಿದ್ದಾರೆ, ರವಿಕೆಯ ಬೆನ್ನು ಹೊಗಳುವವರಿದ್ದಾರೆ, ಲಂಗ ಚೆನ್ನಾಗಿದೆ ಎಂದು ಹೊಗಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಲಾಡಿ ಕಿತ್ತುಹೋದಾಗ ಮಾತ್ರ ಹೊಲಿದವಳ ನೆನಪು ಬರುವ ಬಡಪಾಯಿ ವಸ್ತು ಅದು. ಹೊಲಿಯುವುದು ಉಳಿದವರ ಕೆಲಸ. ಬಟ್ಟೆ ಕತ್ತರಿಸುವುದು ಮಾತ್ರ ನಾನೇ. ನನ್ನ ಕತ್ತರಿಗೆ ಹರಿಹರದವರೆಗೂ ಹೆಸರಿತ್ತು. ಹರಿಹರದವರೆಗೂ ಎಂದರೆ ಹರಿಹರದಲ್ಲಿರುವ ನೀಲಾಳವರೆಗೆ.

ನೀಲಾ ನನ್ನ ಜೊತೆ ಶಾಲೆ ಕಲಿತವಳು. ಗಂಡ ತೀರಿದ ಮೇಲೆ ಸೀರೆ ವ್ಯಾಪಾರ ಹಿಡಿದಳು. ದೊಡ್ಡ ಗಂಟು ಹೊತ್ತು ಹರಿಹರದ ಸುತ್ತಲಿನ ಹಳ್ಳಿಗಳ ಬಸ್ಸು ಹತ್ತಿ ಇಳಿದು, ಮನೆಮನೆಯ ಕಟ್ಟೆಯ ಮೇಲೆ ಸೀರೆ ಬಿಚ್ಚಿ ಹರಡಿ ಮಾರುತ್ತಾಳೆ. ಪ್ರತಿ ಸೀರೆಯ ಜೊತೆ ಅದಕ್ಕೊಪ್ಪುವ ಬಣ್ಣದ ನನ್ನ ಲಂಗವೊಂದನ್ನು ಎತ್ತಿ ಇಡುತ್ತಾಳೆ. “ಸೀರೆ ಬ್ಯಾಡಂದ್ರೂ ಲಂಗ ಬಿಡಬ್ಯಾಡ್ರಿ, ನಮ್ಮ ಮಂಗಲಾನ ಕೈಯಿಂದು” ಎನ್ನುವುದು ಅವಳ ಪಲ್ಲವಿ. ನನ್ನ ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತಿದ್ದುದು ಅವಳ ಗಂಟಿನಲ್ಲೇ.

ಇನ್ನು ತರಬೇತಿ. ಸಣ್ಣ ಉದ್ದಿಮೆ ನಡೆಸುವವರನ್ನೆಲ್ಲ ಕೂಡಿಸಿ ಕನ್ನಡಕದ ಹುಡುಗನೊಬ್ಬ ಪಾಠ ಹೇಳಿದ. ಸುಮ್ಮನೆ ಓಡಾಡುವುದು ವೇಸ್ಟು, ಕಾಯುವುದು ವೇಸ್ಟು, ಬೇಡದ್ದನ್ನು ಕೂಡಿಡುವುದು ವೇಸ್ಟು ಎಂದು ಅವನು ಹೇಳುತ್ತ ಹೋದ ಹಾಗೆ ನನ್ನ ಇಡೀ ಜೀವನವೇ ಕಣ್ಮುಂದೆ ಹಾದುಹೋಯಿತು. ಕೊನೆಗೆ ನನ್ನ ಸರದಿ ಬಂದಾಗ, ಲಂಗ ಕತ್ತರಿಸಿದ ಮೇಲೆ ಚೀಲಗಟ್ಟಲೆ ಚೂರು ಬಟ್ಟೆ ಉಳಿಯುತ್ತದೆಂದೆ. “ಅಮ್ಮಾ, ಆ ಚೀಲದಲ್ಲಿ ಹೋಗ್ತಿರೋದು ಬಟ್ಟೆ ಅಲ್ಲ, ನಿಮ್ಮ ದುಡಿಮೆ” ಎಂದ. ಎಷ್ಟು ಕಡಿಮೆ ಮಾಡಬಹುದು ಎಂದು ಕೇಳಿದೆ. “ಮನಸ್ಸು ಮಾಡಿದ್ರೆ ಸೊನ್ನೆಗೆ ತರಬಹುದು” ಎಂದ. ಬೇರೆಯವರು ಆ ಸೊನ್ನೆಯನ್ನು ಅಲ್ಲೇ ಬಿಟ್ಟು ಊಟಕ್ಕೆ ಎದ್ದರು. ನಾನು ತಲೆಯಲ್ಲಿಟ್ಟುಕೊಂಡು ಮನೆಗೆ ತಂದೆ.

ಮೊದಮೊದಲು ಒಳ್ಳೆಯದೇ ಆಯಿತು, ಸುಳ್ಳು ಹೇಳಬಾರದು. ಕತ್ತರಿ ಎಲ್ಲಿ, ಕತ್ತರಿ ಎಲ್ಲಿ ಎಂದು ದಿನವೆಲ್ಲ ಹುಡುಕುವುದು ನಮ್ಮ ಪಡಸಾಲೆಯ ಮುಖ್ಯ ಉದ್ಯೋಗವಾಗಿತ್ತು. ಪ್ರತಿ ಮಿಷನ್ನಿಗೂ ಒಂದೊಂದು ಕತ್ತರಿಯನ್ನು ದಾರದಿಂದ ಕಟ್ಟಿಸಿದೆ. ಮಿಷನ್ನುಗಳನ್ನು ಒಂದರ ಹಿಂದೊಂದು ಬರುವಂತೆ ಸರಿಸಿದೆ. ಹೊಲಿದದ್ದು ಕೈಯಿಂದ ಕೈಗೆ ಹೋಗತೊಡಗಿತು. ಅಷ್ಟಕ್ಕೆ ನಿಲ್ಲಿಸಿದ್ದರೆ ಇವತ್ತು ತಲೆಯೆತ್ತಿ ತಿರುಗುತ್ತಿದ್ದೆ. ಆಮೇಲೆ ಮಾತೂ ವೇಸ್ಟಲ್ಲವೇ ಎನಿಸಿತು. ಹೊಲಿಯುವಾಗ ಮಾತಾಡಬಾರದೆಂದು ಕಟ್ಟಪ್ಪಣೆ ಮಾಡಿದೆ. ಆ ಮಧ್ಯಾಹ್ನ ಪಡಸಾಲೆಯಲ್ಲಿ ಮಿಷನ್ನಿನ ಸದ್ದು ಬಿಟ್ಟರೆ ಬೇರೆ ಉಸಿರಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ. ಹೋಗಿ ನೋಡಿದರೆ ಮೂಲೆಯ ಮಿಷನ್ನಿನ ರೇಣುಕಾ ಅರೆಗಣ್ಣಿನಲ್ಲಿ ತೂಕಡಿಸುತ್ತ, ಲಂಗದ ಕೆಳಬಾಯಿಯನ್ನೂ ಸೇರಿಸಿ ಹೊಲಿದು ಚೆಂದದ ಚೀಲ ಮಾಡಿಟ್ಟಿದ್ದಳು. “ಮಾತಿಲ್ಲಂದ್ರ ನಿದ್ದಿ ಬರ್ತೈತೆ ಅಕ್ಕಾ” ಎಂದಳು. ಮಾತಿಗೆ ಮರಳಿ ಅನುಮತಿ ಕೊಟ್ಟೆ.

ಉಳಿದದ್ದು ಚೂರು ಬಟ್ಟೆಯ ಚೀಲ. ಲಂಗಕ್ಕೆ ಆರು ಪೀಸು ಬೇಕು, ಮೇಲೆ ಕಿರಿದು ಕೆಳಗೆ ಅಗಲ. ಒಂದನ್ನು ನೆಟ್ಟಗೆ, ಒಂದನ್ನು ತಲೆಕೆಳಗೆ ಇಟ್ಟು ಕತ್ತರಿಸಿದರೂ ಬಟ್ಟೆಯ ಅಂಚಿನಲ್ಲಿ ಉದ್ದನೆಯ ಮೂಲೆ ತುಂಡುಗಳು ಉಳಿದೇ ಉಳಿಯುತ್ತವೆ. ಅವುಗಳಿಂದ ಕಾಲೊರಸು ಹೆಣೆಸಿದೆ. ನಮ್ಮ ಮನೆಯ ಪ್ರತಿ ಹೊಸ್ತಿಲಿಗೂ ಒಂದೊಂದು ಬಂತು, ಕೊಳ್ಳುವವರು ಬರಲಿಲ್ಲ. ದಿಂಬಿಗೆ ತುಂಬಿಸಿದೆ, ಮಲಗಿದವರ ಕುತ್ತಿಗೆ ಹಿಡಿಯಿತು. ಕೊನೆಗೊಂದು ದಿನ ಬಟ್ಟೆ ಹಾಸಿಕೊಂಡು ಸುಣ್ಣದ ಕಡ್ಡಿ ಹಿಡಿದು ಕೂತವಳಿಗೆ ಹೊಳೆಯಿತು: ಪ್ರತಿ ಪೀಸಿನ ಕೆಳಗಿನ ಅಗಲವನ್ನು ಎರಡೇ ಎರಡು ಬೆರಳು ಕಡಿಮೆ ಮಾಡಿದರೆ ಪೀಸುಗಳು ಒಂದಕ್ಕೊಂದು ತಬ್ಬಿಕೊಂಡು ಕೂರುತ್ತವೆ, ಒಂದು ತಾನು ಬಟ್ಟೆಯಲ್ಲಿ ಒಂದು ಲಂಗ ಹೆಚ್ಚಿಗೆ ಬರುತ್ತದೆ! ಎರಡು ಬೆರಳು ಯಾರ ಕಣ್ಣಿಗೆ ಬೀಳಬೇಕು? ಪೀಸು ಆರು ಇವೆ, ಆರರಿಂದ ಗುಣಿಸಬೇಕು ಎಂಬುದು ಆ ಸಂತೋಷದಲ್ಲಿ ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದರೆ, ಹೊಳೆಯುವ ಹಾಗೆ ನಾನು ಯೋಚಿಸಲಿಲ್ಲ.

ಯಾರೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ಇನ್ನೆರಡು ಬೆರಳು ಕಡಿಮೆ ಮಾಡಿದೆ. ರೇಣುಕಾ ಮಾತ್ರ ಒಂದು ಲಂಗವನ್ನು ಎತ್ತಿ ಹಿಡಿದು, “ಅಕ್ಕಾ, ಇದು ಸಾಲಿ ಹುಡುಗ್ಯಾರ ಅಳತೆ ಏನ್ರಿ?” ಎಂದಳು. ಅವಳಿಗೆ ಸೊನ್ನೆಯ ಬಗ್ಗೆ ಒಂದು ಭಾಷಣ ಕೊಟ್ಟೆ. ಪಾಪ, ಬೆಲ್ಲದ ಚಹಾ ಆರುತ್ತಿದ್ದರೂ ಪೂರ್ತಿ ಕೇಳಿದಳು. ಚೂರಿನ ಚೀಲ ತಳ ಕಂಡಿತು. ಅದರ ಫೋಟೋ ತೆಗೆದು ಆ ಕನ್ನಡಕದ ಹುಡುಗನಿಗೆ ಕಳಿಸಿದೆ. ಅವನು ಹೆಬ್ಬೆರಳೆತ್ತಿದ ಚಿತ್ರ ಕಳಿಸಿದ. ಅದನ್ನು ನಮ್ಮ ಮನೆಯವರಿಗೆ ತೋರಿಸಿದಾಗ ಅವರು ಉಪ್ಪಿನಕಾಯಿ ನೆಕ್ಕುತ್ತ “ಚಲೋ ಆತು ಬಿಡು” ಎಂದರು. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ನಾನು ಉಡುತ್ತಿದ್ದುದು ನನ್ನ ಪೆಟ್ಟಿಗೆಯಲ್ಲಿದ್ದ ಹಳೆಯ, ಧಾರಾಳ ಸುತ್ತಳತೆಯ ಲಂಗಗಳನ್ನು.

ಕೆಲವು ತಿಂಗಳು ಕಳೆದಿರಬೇಕು. ನೀಲಾ ಫೋನು ಮಾಡಿದಾಗಲೆಲ್ಲ ಕಾಲಿನ ಮಾತು ತೆಗೆಯತೊಡಗಿದಳು. ಮೆಟ್ಟಿಲು ಹತ್ತಲಾಗುತ್ತಿಲ್ಲ, ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೇ ಏಳುವುದಿಲ್ಲ ಎನ್ನುವಳು. ನನಗೂ ಅವಳದೇ ವಯಸ್ಸು, ನನ್ನ ಕಾಲು ಗಟ್ಟಿಯಾಗಿವೆ. ಹೀಗಾಗಿ ಬುದ್ಧಿ ಹೇಳುವ ಹಕ್ಕು ನನಗೇ ಎಂದುಕೊಂಡೆ. “ಮೆಂತ್ಯ ನೆನೆಸಿ ತಿನ್ನು. ದಿನಾ ನಡಿ. ನನ್ನ ನೋಡು, ಕೂತಲ್ಲೇ ಕೂರಲ್ಲ” ಎಂದೆ. ಮಂಡಿಗೆ ಹಚ್ಚುವ ಎಣ್ಣೆಯನ್ನೂ ಕಳಿಸಿದೆ, ಲಂಗದ ಪೊಟ್ಟಣದಲ್ಲೇ ಇಟ್ಟು. ಅವಳು ನಡೆದಳು, ಮೆಂತ್ಯ ತಿಂದಳು, ಎಣ್ಣೆ ಹಚ್ಚಿದಳು. ಮೇಲೆ ನಾನು ಕಳಿಸಿದ ಹೊಸ ಲಂಗ ಉಟ್ಟಳು. ಹೆಂಗೆ ಗುಣವಾಗಬೇಕು?

ಕಡೆಗೊಂದು ದಿನ ಅವಳ ದನಿ ಕುಸಿದುಹೋಗಿತ್ತು. “ಮಂಗಲಾ, ವ್ಯಾಪಾರ ಬಿಡ್ತೀನಿ ಕಣೇ. ಮೊನ್ನೆ ಕೊಕ್ಕನೂರು ಬಸ್ಸು ನನ್ನ ಬಿಟ್ಟು ಹೋತು. ಗಂಟು ಒಳಗ ಹೋತು, ನಾನು ಹೊರಗ ಉಳಿದೆ” ಎಂದಳು. ಮರುದಿನ ಅಂಟಿನುಂಡೆ ಕಟ್ಟಿಕೊಂಡು ಹರಿಹರಕ್ಕೆ ಹೋದೆ. ದಾರಿಯುದ್ದಕ್ಕೂ ಅವಳಿಗೆ ಹೇಳಬೇಕಾದ ಧೈರ್ಯದ ಮಾತುಗಳನ್ನು ಜೋಡಿಸಿಕೊಂಡೆ. ಒಳ್ಳೊಳ್ಳೆಯ ಮಾತುಗಳಿದ್ದವು. ಒಂದೂ ಉಪಯೋಗಕ್ಕೆ ಬರಲಿಲ್ಲ.

ನೀಲಾ ಮಂಚದ ಮೇಲೆ ಮಂಡಿಗೆ ಪಟ್ಟಿ ಬಿಗಿದುಕೊಂಡು ಕೂತಿದ್ದಳು. “ಎಕ್ಸ್‌ರೇ ತಗದ್ರು. ಏನೂ ಇಲ್ಲಂತ. ಏನೂ ಇಲ್ಲ ಅಂದ್ರ ಇನ್ನೇನೋ ದೊಡ್ಡದು ಐತೆ ಅಂತ ನನಗ ಭಯ” ಎಂದಳು. ನೋವು ಹೇಗೆ ಬರುತ್ತದೆ ಎಂದು ನಾನು ಡಾಕ್ಟರ ಗತ್ತಿನಲ್ಲಿ ಕೇಳಿದೆ. “ನೋವಿಲ್ಲ ಕಣೇ. ಸಪಾಟು ನೆಲದ ಮ್ಯಾಲೆ ಹೆಂಗೋ ನಡೀತೀನಿ. ಮೆಟ್ಲು ಬಂತೋ, ಯಾರೋ ಎರಡೂ ಕಾಲು ಹಿಡಕೊಂಡಂಗ ಆಗ್ತೈತೆ. ಇನ್ನೊಂದು ಸೋಜಿಗ ಕೇಳು. ಮುಂಜಾನೆ ನೈಟಿ ಮ್ಯಾಲೆ ಮಾಳಿಗೆ ಹತ್ತಿ ಗಿಡಕ್ಕ ನೀರು ಹಾಕಿ ಬರ್ತೀನಿ, ಏನೂ ಆಗಲ್ಲ. ಸ್ನಾನ ಮಾಡಿ ಸೀರೆ ಉಟ್ಟೆನೋ, ಶುರು. ಡಾಕ್ಟರಿಗೆ ಹೇಳಿದೆ. ಅವ್ರೂ ಬೆರಗಾದ್ರು. ಹೊತ್ತು ಏರಿದಂಗ ನರ ಬಿಗಿತಾವೇನೋ ಅಂದ್ರು.”

ಅಂಟಿನುಂಡೆಯ ಡಬ್ಬಿ ನನ್ನ ತೊಡೆಯ ಮೇಲಿತ್ತು. ಅದರ ಮುಚ್ಚಳವನ್ನು ತೆಗೆಯುತ್ತಿದ್ದ ಕೈ ಅಲ್ಲೇ ನಿಂತಿತು. ನೈಟಿಗೆ ಲಂಗ ಬೇಕಿಲ್ಲ. ಸೀರೆಗೆ ಬೇಕು. ನೀಲಾ ಮಾತ್ರ ತನ್ನ ಪಾಡಿಗೆ ಹೇಳುತ್ತಲೇ ಇದ್ದಳು. “ವಯಸ್ಸು ಎಲ್ಲಾರಿಗೂ ಬರ್ತೈತೆ ಬಿಡು. ಭಾನುವಳ್ಳಿಯಾಗ ಇಬ್ರು ನಿನ್ನ ಲಂಗ ಬಿಗಿ ಅಂತ ಗಂಟು ಬಿದ್ರು. ನಮ್ಮ ಮಂಗಲಾನ ಅಳತೆ ತಪ್ಪಲ್ಲ, ನಿಮ್ಮ ಮೈ ನೋಡ್ಕಳ್ರಿ ಮೊದ್ಲು ಅಂತ ಝಾಡಿಸಿಬಿಟ್ಟೆ. ಅದ್ರಾಗ ಒಬ್ಬಾಕಿ ರಾತ್ರಿ ಊಟ ಬಿಟ್ಟಾಳಂತ. ಒಳ್ಳೇದೇ ಆತು.”

ಆ ಕ್ಷಣ ನೆಲ ಬಾಯಿಬಿಟ್ಟಿದ್ದರೆ ಡಬ್ಬಿ ಸಮೇತ ಇಳಿದುಬಿಡುತ್ತಿದ್ದೆ. ಬಾಯಿಬಿಡಲಿಲ್ಲ, ಹರಿಹರದ ನೆಲ, ಗ್ರಾನೈಟ್ ಹಾಸಿದ್ದರು. ಸುಮ್ಮನಿದ್ದು, ಊರಿಗೆ ಹೋಗಿ, ಮುಂದಿನ ಪೊಟ್ಟಣದಿಂದ ಹಳೆಯ ಅಳತೆಯ ಲಂಗ ಕಳಿಸಿದರೆ ತಾನಾಗಿಯೇ ಗುಣವಾಗುತ್ತಾಳೆ, ಅಂಟಿನುಂಡೆಗೆ ಕೀರ್ತಿ ಬರುತ್ತದೆ ಎಂಬ ಯೋಚನೆಯೂ ಬಂತು. ಬಂದದ್ದು ಮಾತ್ರವಲ್ಲ, ಚಲೋ ಯೋಚನೆ ಎನಿಸಿತು. ಆದರೆ ನೀಲಾ ಮಂಡಿಯ ಪಟ್ಟಿಯನ್ನು ಬಿಚ್ಚಿ, ಮಡಿಸಿ, ದಿಂಬಿನ ಕೆಳಗಿಟ್ಟು, “ಗಂಟು ಕೊಡೋದಾದ್ರ ಯಾರಿಗೆ ಕೊಡ್ಲಿ ಅಂತ ನೀನೇ ಹೇಳು” ಎಂದಾಗ ತಡೆಯಲಾಗಲಿಲ್ಲ.

“ನೀಲಾ, ಲಂಗ ಬದಲಾಯಿಸಿ ನೋಡು.”

“ಯಾಕ? ಎಲ್ಲಾ ಒಂದೇ. ಎಲ್ಲಾ ನಿಂದೇ.”

“ಹೋದ ವರ್ಷದ್ದು ಇದ್ರೆ, ಅದನ್ನ ಉಟ್ಕಂಡು ಬಾ.”

ನನ್ನ ಮುಖ ನೋಡಿದಳು. ಒಳಗೆ ಹೋದಳು. ಬಂದವಳು ನೇರವಾಗಿ ಮಾಳಿಗೆಯ ಮೆಟ್ಟಿಲ ಬುಡದಲ್ಲಿ ನಿಂತು, ಸೀರೆಯ ನಿರಿಗೆ ಹಿಡಿದು, ನೀರಿನ ಆಳ ನೋಡುವವರ ಹಾಗೆ ಒಂದು ಕಾಲಿಟ್ಟಳು. ಆಮೇಲೆ ಇನ್ನೊಂದು. ಆಮೇಲೆ ಅವಳು ಕಾಣಿಸಲಿಲ್ಲ, ದಡದಡ ಸದ್ದು ಮಾತ್ರ ಕೇಳಿಸಿತು. “ಮಂಗಲಾ! ಹತ್ತಿದೆ ಕಣೇ!” ಎಂದು ಮೇಲಿನಿಂದ ಕೂಗಿದಳು. ಇಳಿದಳು, ಮತ್ತೆ ಹತ್ತಿದಳು. ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು. ಅವಳ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಕಣ್ಣಲ್ಲೂ ಬಂತು, ಆದರೆ ಅದು ಬೇರೆ ನೀರು.

ಸಂತೋಷ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವಳು ಬಿಚ್ಚಿಟ್ಟಿದ್ದ ಹೊಸ ಲಂಗವನ್ನು ತಂದು ಮಂಚದ ಮೇಲೆ ಹಾಸಿದಳು. ಪೆಟ್ಟಿಗೆಯಿಂದ ಹಳೆಯದೊಂದನ್ನು ತೆಗೆದು ಅದರ ಪಕ್ಕ ಹಾಸಿದಳು. ಒಂದು ತಾಯಿಯಂತೆ, ಒಂದು ಮಗುವಿನಂತೆ ಮಲಗಿದ್ದವು.

“ಏನಿದು?”

“ವೇಸ್ಟ್ ಕಮ್ಮಿ ಮಾಡಿದೆ” ಎಂದೆ. ಆ ಮಾತು ತರಬೇತಿಯಲ್ಲಿ ಎಷ್ಟು ಚೆನ್ನಾಗಿ ಕೇಳಿಸಿತ್ತು!

“ಯಾವ್ದು ವೇಸ್ಟು? ನಾನು ಕಾಲು ಹಾಕೋ ಜಾಗನಾ?” ಎಂದಳು ನೀಲಾ. “ಕಾಲು ಹೋದ್ವು ಅಂತ ಮಗಳಿಗೆ ಫೋನ್ ಮಾಡಿ ಅತ್ತೀನಿ ಕಣೇ. ಇದ್ದಬದ್ದ ದೇವ್ರಿಗೆಲ್ಲ ಹರಕೆ ಹೊತ್ತೀನಿ. ನೀನು ಮೆಂತ್ಯ ತಿನ್ನು ಅಂದಿ.” ಅದಕ್ಕಿಂತ ಹೆಚ್ಚು ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿಯನ್ನು ಎಳೆದುಕೊಂಡು ಅಂಟಿನುಂಡೆಯೊಂದನ್ನು ಕಟಕಟನೆ ಕಡಿದು ತಿಂದಳು. ತಿಂದು ಮುಗಿಸಿ, ಕೈ ತೊಳೆದು, ಆ ಹೊಸ ಲಂಗವನ್ನು ನನ್ನ ಕಡೆ ಎಸೆದಳು. “ಇದನ್ನ ಉಟ್ಕ. ಭಾನುವಳ್ಳಿಗೆ ಹೋಗೋದೈತೆ.”

ನನ್ನ ಜೀವನದಲ್ಲಿ ನನ್ನ ಕೈಯ ಕೆಲಸವನ್ನು ಅಷ್ಟು ಹತ್ತಿರದಿಂದ ನಾನು ಅನುಭವಿಸಿರಲಿಲ್ಲ. ಹರಿಹರದ ಬಸ್‌ಸ್ಟ್ಯಾಂಡಿನವರೆಗೆ ಪುಟ್ಟ ಪುಟ್ಟ ಹೆಜ್ಜೆಯಿಟ್ಟು ತೇಲಿಕೊಂಡು ಹೋದೆ. ಬಸ್ಸಿನ ಮೆಟ್ಟಿಲು ಎದುರಾಯಿತು. ಬಲಗಾಲೆತ್ತಿದೆ, ಅರ್ಧದಲ್ಲಿ ನಿಂತಿತು. ಎಡಗಾಲೆತ್ತಿದೆ, ಅದೂ ಅಲ್ಲೇ ನಿಂತಿತು. ನೀಲಾ ಗಂಟು ಹೊತ್ತು ಟಣ್ಣನೆ ಹತ್ತಿ ಒಳಗೆ ಹೋಗಿ ಕಿಟಕಿಯ ಸೀಟು ಹಿಡಿದಿದ್ದಳು. “ಬೇಗ ಹತ್ರಿ ಅಮ್ಮಾ, ಟೈಮಾತು” ಎಂದು ಕಂಡಕ್ಟರು ಕೂಗಿದ. ಅಕ್ಕಪಕ್ಕ ಹೊರಳಿ, ಅಡ್ಡಡ್ಡ ಹತ್ತಲು ನೋಡಿದೆ. ಹಿಂದಿನಿಂದ ಯಾರೋ ಪುಣ್ಯಾತ್ಗಿತ್ತಿ ನನ್ನ ಸೊಂಟಕ್ಕೆ ಕೈಕೊಟ್ಟು ಮೂಟೆಯ ಹಾಗೆ ಒಳಗೆ ನೂಕಿದಳು. “ಪಾಪ, ಮಂಡಿ ನೋವೇನ್ರಿ?” ಎಂದು ಕೇಳಿದಳು. “ಹೌದ್ರಿ” ಎಂದೆ. “ಮೆಂತ್ಯ ತಿನ್ರಿ” ಎಂದಳು. ಕಿಟಕಿಯ ಸೀಟಿನಿಂದ ನೀಲಾ ಮುಸಿಮುಸಿ ನಕ್ಕದ್ದು ಕೇಳಿಸಿತು. ಅವತ್ತಿನ ದಿನಕ್ಕೆ ನನಗೆ ಸಿಕ್ಕ ಸಮಾಧಾನ ಅದೊಂದೇ.

ಭಾನುವಳ್ಳಿಯಲ್ಲಿ ಮನೆಮನೆಗೆ ಹೋಗಿ ಬಿಗಿ ಲಂಗಗಳನ್ನು ವಾಪಸು ಕೇಳಿದೆವು, ಬೇರೆ ಹೊಲಿದುಕೊಡುತ್ತೇವೆಂದೆವು. ಎಲ್ಲರೂ ಖುಷಿಯಿಂದ ಕೊಟ್ಟರು, ಒಂದು ಮನೆ ಬಿಟ್ಟು. ಅಲ್ಲಿನ ಅತ್ತೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. “ಬ್ಯಾಡ್ರಿ, ಇರ್ಲಿ. ನಮ್ಮ ಸೊಸಿ ಮೊದ್ಲು ಕುದುರಿ ಓಡಿದಂಗ ಓಡಾಡ್ತಿದ್ಲು. ಈ ಲಂಗ ಉಟ್ಟ ಮ್ಯಾಲೆ ಎಂಥಾ ಗಂಭೀರ ನಡಿಗೆ ಬಂದೈತೆ ಅಂತೀರಿ! ಇಂಥವೇ ಇನ್ನೊಂದು ನಾಕು ಹೊಲೀರಿ” ಎಂದರು. ಅವರ ಬೆನ್ನ ಹಿಂದೆ ಬಾಗಿಲ ಚೌಕಟ್ಟಿನಲ್ಲಿ ನಿಂತಿದ್ದ ಸೊಸೆ ಎರಡೂ ಕೈ ಜೋಡಿಸಿ ತಲೆಯಲ್ಲಾಡಿಸುತ್ತಿದ್ದಳು. ನನ್ನ ಉತ್ಪನ್ನಕ್ಕೆ ಇಷ್ಟು ವರ್ಷದಲ್ಲಿ ಸಿಕ್ಕ ಮೊದಲ ಹೊಗಳಿಕೆ ಅದು. ನಾಚಿಕೆಯಿಂದ ಕಿವಿ ಬಿಸಿಯಾದವು. ನೀಲಾ ಹೇಗೋ ಅತ್ತೆಯನ್ನು ಸೀರೆ ನೋಡಲು ಕೂರಿಸಿದಳು, ಆ ಹೊತ್ತಿನಲ್ಲಿ ಸೊಸೆ ಹಿತ್ತಲ ಬಾಗಿಲಿನಿಂದ ಲಂಗ ದಾಟಿಸಿದಳು.

ಈಗ ಪಡಸಾಲೆಯಲ್ಲಿ ಹಳೆಯ ಅಳತೆಯೇ ನಡೆಯುತ್ತಿದೆ. ಕತ್ತರಿಗಳು ಮಿಷನ್ನಿಗೆ ಕಟ್ಟಿಕೊಂಡೇ ಇವೆ, ಮಾತೂ ಇದೆ, ಚೂರು ಬಟ್ಟೆಯ ಚೀಲವೂ ತುಂಬುತ್ತಿದೆ. ನೀಲಾ ಮಾಲು ತೆಗೆದುಕೊಳ್ಳುವುದನ್ನು ಬಿಟ್ಟಿಲ್ಲ. ಆದರೆ ಬಂದಾಗಲೆಲ್ಲ ಲಂಗದೊಳಗೆ ಎರಡೂ ಕೈ ಹಾಕಿ, ರೆಕ್ಕೆಯ ಹಾಗೆ ಅಗಲಿಸಿ ನೋಡುತ್ತಾಳೆ. ರೇಣುಕಾ ಮತ್ತು ಉಳಿದವರ ಎದುರಿಗೇ ನೋಡುತ್ತಾಳೆ. ಆಗ ನನಗೆ ಒಳಗೆ ಚಹಾ ಕುದಿಯುತ್ತಿರುವುದು ನೆನಪಾಗುತ್ತದೆ.

ಇಷ್ಟಾದರೂ ನೀವು ನನ್ನ ಮೇಲೆ ಸ್ವಲ್ಪ ಕರುಣೆ ಉಳಿಸಿಕೊಂಡಿದ್ದರೆ, ಭಾನುವಳ್ಳಿಯ ಕೊನೆಯ ಮನೆಯದನ್ನೂ ಹೇಳಿಬಿಡುತ್ತೇನೆ. ರಾತ್ರಿ ಊಟ ಬಿಟ್ಟಿದ್ದವಳ ಮನೆ ಅದು. ಗಲ್ಲ ಒಳಗೆ ಹೋಗಿದ್ದವು, ಕೈಬಳೆ ಮೊಣಕೈವರೆಗೆ ಜಾರುತ್ತಿದ್ದವು. ಲಂಗ ತಂದುಕೊಟ್ಟು, “ಹಂಗಾದ್ರ ನಾನು ದಪ್ಪ ಆಗಿರ್ಲಿಲ್ಲೇನ್ರಿ?” ಎಂದು ನೀಲಾಳನ್ನು ಕೇಳಿದಳು. ಈಗ ನನ್ನ ಬಣ್ಣ ಬಯಲಾಗುತ್ತದೆ, ಆಗಲಿ, ಆಗಬೇಕಾದ್ದೇ ಎಂದು ನಾನು ಸೆರಗು ಬಿಗಿದು ನಿಂತೆ. ನೀಲಾ ನನ್ನ ಕಡೆ ಒಮ್ಮೆ ನೋಡಿದಳು. “ಇಲ್ಲವ್ವಾ. ಬಟ್ಟೆ ಮಿಲ್ಲಿನೋರು ಅಗಲದಾಗ ಕಮ್ಮಿ ಕೊಟ್ಟಾರ, ಈಕಿಗೆ ಗೊತ್ತಾಗಿಲ್ಲ” ಎಂದುಬಿಟ್ಟಳು.

“ಅಯ್ಯ, ಅವ್ರ ಕೈ ಸೇದಿ ಹೋಗ್ಲಿ!” ಎಂದಳು ಆಕೆ. “ಹೆಣ್ಮಕ್ಕಳ ಲಂಗದಾಗ ಕದೀತಾರಲ್ಲ, ಎಂಥಾ ಕುಲಗೇಡಿಗಳಿರಬೇಕು! ಪಾಪ, ನಿಮಗೂ ಮೋಸ ಮಾಡಿದ್ರೇನ್ರಿ ಅಕ್ಕಾರೆ? ಎಷ್ಟು ದೂರದಿಂದ ಬಂದೀರಿ, ಕೂಡ್ರಿ, ಕೂಡ್ರಿ.” ಚಾಪೆ ಹಾಸಿದಳು. ಒಳಗೆ ಹೋಗಿ ದೊಡ್ಡ ಲೋಟದ ತುಂಬ ಒಗ್ಗರಣೆ ಹಾಕಿದ ಮಜ್ಜಿಗೆ ತಂದು ನನ್ನ ಕೈಗಿಟ್ಟಳು.

ಹೇಳಬೇಕು ಎಂದು ಬಾಯಿ ತೆರೆದೆ. ತೆರೆದ ಬಾಯಿಗೆ ಮಜ್ಜಿಗೆ ಬಂತು. ಬಿಸಿಲಲ್ಲಿ ಅಲೆದಿದ್ದೆ, ಕರಿಬೇವಿನ ಘಮ ಬೇರೆ. ಆಕೆ ಪಕ್ಕದಲ್ಲಿ ಕೂತು ಆ ಮಿಲ್ಲಿನವರ ವಂಶವನ್ನು ಒಂದೊಂದೇ ತಲೆಮಾರಾಗಿ ತೊಳೆಯುತ್ತಿದ್ದಳು. ನಾನು ನಡುನಡುವೆ “ಹೌದ್ರಿ, ಖರೆ ಐತೆ ನೀವನ್ನೋದು” ಎನ್ನುತ್ತಿದ್ದೆ. ಮಜ್ಜಿಗೆ ಮುಗಿಯಿತು. “ಇನ್ನೊಂದೀಟು ಹಾಕ್ಲೇನ್ರಿ?” ಎಂದಳು. ನೀಲಾ ನನ್ನನ್ನೇ ನೋಡುತ್ತಿದ್ದಳು. ನಾನು ಲೋಟ ಮುಂದೆ ಚಾಚಿದೆ.